ದೋಣಿಗೆ ನೀರು ಬೇಕು, ಹೊಟೇಲಿಗೂ ಬೇಕೇ?
ಹಿನ್ನೀರಿನ ದಕ್ಕೆ ವಿಸ್ತರಣೆಗೆ ಯಾರ ಒಪ್ಪಿಗೆ, ಯಾವ ಒಪ್ಪಿಗೆ

ಕಾಸರಗೋಡು: ಹೊಳೆ ಕಡಲು ಸೇರುವ ಜಾಗಗಳು ನಮ್ಮ ಜಿಲ್ಲೆಯಲ್ಲಿ ಒಂದೆರಡಲ್ಲ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಎಣಿಸುತ್ತಾ ತೇಜಸ್ವಿನಿಯವರೆಗೆ ಹೋದರೆ ಅಳಿವೆಗಳ ಸಾಲೇ ಇದೆ. ದಕ್ಷಿಣದಲ್ಲಿ ವಲಿಯಪರಂಬದ ಹಿನ್ನೀರು. ಬೇಕಲ ಕೋಟೆ ನೋಡಲು ಬಂದವರು ಈಗ ಹೌಸ್‌ಬೋಟಿನಲ್ಲಿ ಒಂದು ಸುತ್ತು ಹೋಗದೆ ಮರಳುವುದು ಕಡಿಮೆ.

ಪ್ರವಾಸಿಗರು ಬಂದಲ್ಲಿ ದಕ್ಕೆಯೂ ಬೆಳೆಯುತ್ತದೆ. ಮೊದಲು ನಾಲ್ಕು ದೋಣಿ ಕಟ್ಟುವಷ್ಟು ಜಾಗ, ಆಮೇಲೆ ಹನ್ನೆರಡು. ಬಂದವರಿಗೆ ಚಹಾ, ತಿಂಡಿ, ಊಟ ಬೇಕು. ದಡದಲ್ಲಿ ಜಾಗ ಸಾಲದು ಎಂದು ನೀರಿನಲ್ಲೇ ಕಂಬ ನೆಟ್ಟು ಮೇಲೆ ಹಲಗೆ ಹಾಸಿದರೆ ಅದೇ ಹೊಟೇಲು. ಸಂಜೆಯ ಗಾಳಿಗೆ ಅಲ್ಲಿ ಕೂತು ಕರಿಮೀನು ತಿನ್ನಲು ಯಾರಿಗೆ ಮನಸ್ಸಿಲ್ಲ? ಆದರೆ ಹಾಗೆ ಕಟ್ಟಲು ಒಪ್ಪಿಗೆ ಕೊಡಬೇಕಾದವರು ಯಾರು, ಅವರು ನೋಡಬೇಕಾದದ್ದು ಏನು ಎಂಬುದು ಊರಿನವರಿಗೂ ಎಷ್ಟೋ ಸಲ ಕಟ್ಟುವವರಿಗೂ ಸ್ಪಷ್ಟವಿರುವುದಿಲ್ಲ. ಅದನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಪಂಚಾಯತ್ ಲೈಸೆನ್ಸ್ ಸಾಲದು

"ಪಂಚಾಯತ್ ಒಪ್ಪಿಗೆ ಕೊಟ್ಟಿದೆ, ಮತ್ತೇನು?" ಎಂಬ ಮಾತು ಸಾಮಾನ್ಯ. ಇದರ ಬೆಲೆ ಎಷ್ಟು ಎಂದು ತಿಳಿಯಲು ಎರ್ನಾಕುಳಂ ಜಿಲ್ಲೆಯ ಮರಡು ನೋಡಿದರೆ ಸಾಕು. ಅಲ್ಲಿ ಹಿನ್ನೀರಿನ ದಡದ ಬಹುಮಹಡಿ ಕಟ್ಟಡಗಳಿಗೆ 2006ರಲ್ಲಿ ಅನುಮತಿ ಕೊಟ್ಟದ್ದು ಪಂಚಾಯತ್ತೇ. ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಅವನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕ ಇಟ್ಟ ಕೆಲವೇ ಕ್ಷಣಗಳಲ್ಲಿ ಧೂಳಾದವು. ಅವುಗಳಲ್ಲಿ 343 ಫ್ಲ್ಯಾಟ್‌ಗಳಿದ್ದವು. ದುಡ್ಡು ಕೊಟ್ಟು ಕೊಂಡವರು ಬೀದಿಗೆ ಬಿದ್ದರು. ತಲಾ 25 ಲಕ್ಷ ರೂಪಾಯಿಯ ಮಧ್ಯಂತರ ಪರಿಹಾರಕ್ಕೆ ಕೋರ್ಟೇ ಹೇಳಬೇಕಾಯಿತು.

ಮರಡಿನಲ್ಲಿದ್ದದ್ದು ದಡದ ಮೇಲಿನ ಕಟ್ಟಡ. ನೀರಿನ ಮೇಲಿನ ಹೊಟೇಲಿಗೆ ಇದಕ್ಕಿಂತ ಹೆಚ್ಚಿನ ಪರೀಕ್ಷೆ ಇದೆ.

ಗೆರೆ ಯಾವುದು, ಎಲ್ಲಿದೆ

1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್‌ನ ಮೊದಲ ಅಧಿಸೂಚನೆ ಹೊರಟದ್ದು 1991ರ ಫೆಬ್ರವರಿ 19ರಂದು. 2011ರಲ್ಲಿ ಹೊಸದು ಬಂತು, 2019ರಲ್ಲಿ ಮತ್ತೊಂದು. ಹೊಸ ಅಧಿಸೂಚನೆ ಬಂದ ಕೂಡಲೇ ಊರಿಗೆ ಅನ್ವಯವಾಗುವುದಿಲ್ಲ. ಅದಕ್ಕೆ ಸರಿಯಾದ ನಕ್ಷೆಗೆ ಕೇಂದ್ರದ ಒಪ್ಪಿಗೆ ಸಿಗಬೇಕು. ಕೇರಳದ ಹತ್ತು ಜಿಲ್ಲೆಗಳ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ಜಿಲ್ಲೆಯೂ ಅದರಲ್ಲಿದೆ.

ಈ ಕಾನೂನು ಕಡಲ ದಂಡೆಗೆ ಮಾತ್ರ ಎಂದು ತಿಳಿದವರು ಬಹಳ. ಉಬ್ಬರ ಇಳಿತ ತಲುಪುವ ಹೊಳೆ, ಹಿನ್ನೀರು, ಅಳಿವೆ ಎಲ್ಲವೂ ಇದರೊಳಗೆ ಬರುತ್ತವೆ. ಬೇಸಗೆಯಲ್ಲಿ ಹೊಳೆ ಅತಿ ಬತ್ತಿದಾಗ ಒಂದು ಸಾವಿರ ಪಾಲು ನೀರಿನಲ್ಲಿ ಐದು ಪಾಲು ಉಪ್ಪು ಸಿಗುವ ಜಾಗದವರೆಗೆ ವಲಯದ ಹಿಡಿತ. ಚಂದ್ರಗಿರಿ ಹೊಳೆಯ ಬಾವಿಕ್ಕರೆಯಿಂದ ಬೇಸಗೆಯಲ್ಲಿ ಉಪ್ಪು ನೀರು ಕುಡಿದ ಕಾಸರಗೋಡು ಪೇಟೆಯವರಿಗೆ ಕಡಲು ಒಳನಾಡಿಗೆ ಎಷ್ಟು ದೂರ ಬರುತ್ತದೆಂದು ಬೇರೆ ಹೇಳಬೇಕಿಲ್ಲ.

ದಡದಲ್ಲಿ ಲೆಕ್ಕ ಶುರುವಾಗುವುದು ಉಬ್ಬರದ ಗೆರೆಯಿಂದ. ಈ ಗೆರೆಯನ್ನು ಜಾಗದ ಮಾಲೀಕ ಗೂಟ ಹೊಡೆದು ತೋರಿಸುವಂತಿಲ್ಲ, ಕೇಂದ್ರ ಸರಕಾರ ಅಧಿಕಾರ ಕೊಟ್ಟ ಸಂಸ್ಥೆಯೇ ಗುರುತಿಸಬೇಕು. 2011ರ ಅಧಿಸೂಚನೆಯಲ್ಲಿ ಹೊಳೆ ಬದಿಯ ವಲಯ 100 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. 2019ರದ್ದರಲ್ಲಿ ಆ ನೂರು ಐವತ್ತಾಯಿತು. ಹಿನ್ನೀರಿನ ಕುದುರುಗಳಲ್ಲಿ 50 ಮೀಟರ್ ಇದ್ದದ್ದು 20ಕ್ಕೆ ಇಳಿಯಿತು.

"ಕಾನೂನು ಸಡಿಲವಾಗಿದೆ" ಎನ್ನುವವರು ಹೇಳುವುದು ಇದನ್ನೇ. ಆದರೆ ಸಡಿಲವಾದದ್ದು ದಡದ ಮೇಲಿನ ಅಳತೆ. ಗೆರೆಯಿಂದ ಈಚೆಗೆ, ನೀರಿನೊಳಗೆ ಕಂಬ ನೆಡುವವನಿಗೆ ಐವತ್ತು ಮೀಟರಿನ ಲೆಕ್ಕದಿಂದ ಏನೂ ಸಿಗುವುದಿಲ್ಲ. ಅದು ನಾಲ್ಕನೇ ವರ್ಗದ ಜಲಪ್ರದೇಶ. ಕಾಂಡ್ಲಾ ಕಾಡು ಇದ್ದರೆ ಒಂದನೇ ವರ್ಗ, ಎಲ್ಲಕ್ಕಿಂತ ಬಿಗಿ.

ನೀರಿಲ್ಲದೆ ಆಗದ ಕೆಲಸವೇ?

ಇಡೀ ಕಾನೂನಿನ ತಿರುಳು ಒಂದು ಪ್ರಶ್ನೆಯಲ್ಲಿದೆ: ಈ ಕೆಲಸಕ್ಕೆ ನೀರಿನ ಅಂಚು ಬೇಕೇ ಬೇಕೇ?

ದೋಣಿ ಕಟ್ಟಲು ಬೇಕು. ಆದ್ದರಿಂದ ಬಂದರು, ದಕ್ಕೆ, ದೋಣಿ ಇಳಿಸುವ ಇಳಿಜಾರು ಇವುಗಳಿಗೆ ಷರತ್ತಿನ ಮೇಲೆ ಅವಕಾಶ ಇದೆ. 2011ರ ಅಧಿಸೂಚನೆ ಕೇರಳದ ಕುದುರುಗಳ ಬಗ್ಗೆ ಬೇರೆಯೇ ಭಾಗ ಬರೆದು, ದಡದಿಂದ ಐವತ್ತು ಮೀಟರಿನೊಳಗೆ ಯಾವುದಕ್ಕೆ ಎಡೆ ಎಂದು ಪಟ್ಟಿ ಕೊಟ್ಟಿತ್ತು: ಮೀನುಗಾರಿಕೆಯ ದಕ್ಕೆ, ಮೀನು ಒಣಗಿಸುವ ಅಂಗಳ, ಬಲೆ ಹೆಣೆಯುವ ಜಾಗ, ದೋಣಿ ಕಟ್ಟುವ ಮತ್ತು ರಿಪೇರಿಯ ಅಂಗಳ, ಮಂಜುಗಡ್ಡೆ ಸ್ಥಾವರ. ಹೊಟೇಲಿನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಊಟ ಹಾಕಲು ಒಲೆ, ನೆರಳು, ಕುಡಿಯುವ ನೀರು ಇದ್ದರೆ ಆಯಿತು. ಕಂಬದ ಕೆಳಗೆ ಹೊಳೆ ಹರಿಯಲೇಬೇಕೆಂದಿಲ್ಲ.

ಈ ಭೇದ ನಮ್ಮ ಕಾನೂನಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ 1971ರಲ್ಲೇ ದಡಗಳ ನಿರ್ವಹಣೆಗೆ ಕಾಯ್ದೆ ಮಾಡಿತು. ಅದರ ನಿಯಮಗಳು ದಡದ ಉದ್ಯೋಗಗಳನ್ನು ಮೂರು ಗುಂಪು ಮಾಡುತ್ತವೆ: ನೀರಿಲ್ಲದೆ ನಡೆಯದವು, ನೀರಿಗೆ ಸಂಬಂಧಪಟ್ಟವು, ನೀರಿನ ನೋಟದ ಸುಖ ಕೊಡುವವು. ದೋಣಿ ನಿಲ್ದಾಣ ಮೊದಲನೆಯದು. ಹೊಟೇಲಿಗೆ ಸಿಕ್ಕಿದರೆ ಮೂರನೆಯ ಸ್ಥಾನ. ಹೊಸ ದಕ್ಕೆ ಕಟ್ಟಲು ಅವಕಾಶ ಮೊದಲ ಗುಂಪಿಗೆ, ಇಲ್ಲವೇ ಸಾರ್ವಜನಿಕರು ನೀರಿನ ಬಳಿ ಹೋಗುವ ವ್ಯವಸ್ಥೆಗೆ ಮಾತ್ರ.

ಆದ್ದರಿಂದ "ದಕ್ಕೆ ವಿಸ್ತರಣೆ ಮತ್ತು ಹೊಟೇಲು" ಎಂದು ಒಂದೇ ಅರ್ಜಿ ಬಂದಾಗ ಅದನ್ನು ಎರಡಾಗಿ ಓದಬೇಕು. ದಕ್ಕೆಗೆ ಒಪ್ಪಿಗೆ ಸಿಕ್ಕಿತೆಂದು ಅದರ ಬೆನ್ನಿಗೆ ಅಡುಗೆಮನೆ ಏರಿ ಕೂರುವಂತಿಲ್ಲ.

ಹಲಗೆಯ ಕೆಳಗಿನ ಕತ್ತಲೆ

ಇಷ್ಟು ಕಟ್ಟುನಿಟ್ಟು ಯಾಕೆ? ಹಲಗೆ ಹಾಸಿದಲ್ಲಿ ಬಿಸಿಲು ನೀರಿಗೆ ಇಳಿಯುವುದಿಲ್ಲ. ಬಿಸಿಲಿಲ್ಲದೆ ತಳದ ಹುಲ್ಲು, ಪಾಚಿ ಬದುಕುವುದಿಲ್ಲ. ಮೀನಿನ ಮರಿಗಳು ಮೇಯುವುದೂ ಅಡಗುವುದೂ ಅಲ್ಲೇ. ಕಂಬಗಳ ನಡುವೆ ಹರಿವು ನಿಧಾನವಾಗಿ ಹೂಳು ಕೂರುತ್ತದೆ. ಹೂಳು ತೆಗೆಯಲು ಯಂತ್ರ ಇಳಿಸಿದರೆ ಕೆಸರು ಎದ್ದು ಮರುವಾಯಿಯ ಮೇಲೆ ಕೂರುತ್ತದೆ.

ದೋಣಿಗಳದ್ದೂ ಪಾಲಿದೆ. ಎಂಜಿನ್ನಿನ ಎಣ್ಣೆ, ಶೌಚದ ನೀರು, ತಳಕ್ಕೆ ಚಿಪ್ಪು ಹತ್ತದಂತೆ ಬಳಿಯುವ ವಿಷದ ಬಣ್ಣ. ಈ ಬಣ್ಣಗಳಲ್ಲಿ ತವರದ ಸಂಯುಕ್ತ ಬಳಸುವುದನ್ನು ನಿಷೇಧಿಸಿದ ಅಂತಾರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಹೊಟೇಲು ಇದಕ್ಕೆ ಅಡುಗೆಯ ಜಿಡ್ಡು, ಪಾತ್ರೆ ತೊಳೆದ ನೀರು, ರಾತ್ರಿಯ ದೀಪ ಸೇರಿಸುತ್ತದೆ. ನಾಲ್ಕು ದೋಣಿಯ ಕೊಳೆಯನ್ನು ಉಬ್ಬರ ಇಳಿತ ಹೇಗೋ ತೊಳೆದೀತು. ನಲವತ್ತಾದರೆ ತೊಳೆಯಲಾರದು.

ಕಡತದ ದಾರಿ

ಅರ್ಜಿದಾರ ಮೊದಲು ಹೋಗಬೇಕಾದದ್ದು ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ. ಅರ್ಜಿಯ ಜೊತೆಗೆ 1:4000 ಪ್ರಮಾಣದ ನಕ್ಷೆ ಬೇಕು. ಉಬ್ಬರ, ಇಳಿತದ ಗೆರೆಗಳನ್ನು ಗುರುತಿಸಿ ಅದರ ಮೇಲೆ ಯೋಜನೆಯ ಚಿತ್ರ ಇಡಬೇಕು. ಪರಿಸರ ಪರಿಣಾಮದ ವರದಿ, ಅಪಾಯ ನಿರ್ವಹಣೆಯ ಯೋಜನೆ ಮುಂತಾದವೂ ಜೊತೆಗಿರುತ್ತವೆ. ಪ್ರಾಧಿಕಾರ ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಕೊನೆಯ ಮುದ್ರೆ ರಾಜ್ಯದ್ದೋ ಕೇಂದ್ರದ್ದೋ ಎಂಬುದು ಯೋಜನೆಯ ಗಾತ್ರ ಮತ್ತು ಜಾಗದ ವರ್ಗದ ಮೇಲೆ ನಿಲ್ಲುತ್ತದೆ.

ಯೋಜನೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೂ ಬಂದು ಸಾರ್ವಜನಿಕ ಅಹವಾಲು ಬೇಕಾದರೆ, ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚಿತವಾಗಿ ಪ್ರಕಟಣೆ ಕೊಟ್ಟು ಅದನ್ನು ನಡೆಸಬೇಕು. ಹಳೆಯ ಕೆಲಸದ ವಿಸ್ತರಣೆಗೂ ಮುಂಗಡ ಒಪ್ಪಿಗೆ ಬೇಕೆಂದು ಅದೇ ಅಧಿಸೂಚನೆ ಹೇಳುತ್ತದೆ. "ಮೊದಲೇ ದಕ್ಕೆ ಇತ್ತು" ಎಂಬ ಮಾತು ಹೊಸ ಕಂಬಕ್ಕೆ ರಕ್ಷಣೆ ಆಗುವುದಿಲ್ಲ. ಈ ವರ್ಷ ಎರಡು ಕಂಬ, ಬರುವ ವರ್ಷ ನಾಲ್ಕು ಕೋಣೆ ಎಂದು ತುಂಡು ಮಾಡಿ ಕೇಳುವ ಜಾಣತನವನ್ನು ಅಧಿಕಾರಿಗಳು ಗಮನಿಸಬೇಕಾದದ್ದು ಇಲ್ಲೇ.

ಇವೆಲ್ಲ ಆದ ಮೇಲೆ 1974ರ ಜಲ ಕಾಯ್ದೆಯಂತೆ ಮಾಲಿನ್ಯ ಮಂಡಳಿಯ ಸಮ್ಮತಿ, ಪಂಚಾಯತ್ ಪರವಾನಿಗೆ, ಆಹಾರ ಸುರಕ್ಷೆಯ ಲೈಸೆನ್ಸ್.

ತೇಲಿಸಿದರೆ ಪಾರೇ?

ಕಂಬ ಬೇಡ, ತೆಪ್ಪದ ಮೇಲೆ ಹೊಟೇಲು ಮಾಡೋಣ, ಆಗ ಅದು ಕಟ್ಟಡವಲ್ಲ ಎನ್ನುವವರಿದ್ದಾರೆ. ಹಾಗೆಂದರೆ ಅದು ನೌಕೆ. 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ಅದಕ್ಕೆ ತಪಾಸಣೆ, ನೋಂದಣಿ, ಜನರ ಮಿತಿ, ಜೀವರಕ್ಷಕ ಜಾಕೆಟ್ ಎಲ್ಲ ಬೇಕು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಮಂದಿ ಸತ್ತರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿದ್ದು, ಮಿತಿ ಮೀರಿ ಜನ ಹತ್ತಿದ್ದರು. ತೇಲುವುದಕ್ಕೂ ದಡದಲ್ಲಿ ಕಟ್ಟಿಕೊಳ್ಳಲು ಒಂದು ದಕ್ಕೆ ಬೇಕು, ಕೊಳೆ ನೀರು ಹೋಗಲು ಒಂದು ದಾರಿ ಬೇಕು. ಪ್ರಶ್ನೆ ಮತ್ತೆ ದಡಕ್ಕೇ ಬಂದು ನಿಲ್ಲುತ್ತದೆ.

ನೆಡಿಯತುರುತ್ತಿನ ಪಾಠ

ಆಲಪ್ಪುಳ ಜಿಲ್ಲೆಯ ಪಾಣಾವಳ್ಳಿ ಪಂಚಾಯತ್ತಿನಲ್ಲಿ, ವೇಂಬನಾಡು ಹಿನ್ನೀರಿನ ನಡುವೆ ನೆಡಿಯತುರುತ್ತು ಎಂಬ ಕುದುರಿದೆ. 2002ರಿಂದ ರಾಮ್ಸಾರ್ ಪಟ್ಟಿಯಲ್ಲಿರುವ ಜಲಪ್ರದೇಶ ಅದು. ಅಲ್ಲಿ ಕಾಪಿಕೋ ರೆಸಾರ್ಟಿನ 54 ವಿಲ್ಲಾಗಳು ಎದ್ದವು. ಇದನ್ನು ಕೋರ್ಟಿಗೆ ಒಯ್ದವರು ನೀರಿನಲ್ಲಿ ಕಂಬ ನೆಟ್ಟು ಬಲೆ ಕಟ್ಟಿ ಬದುಕುವ ಬೆಸ್ತರು. ನಿರ್ಮಾಣದಿಂದ ತಮ್ಮ ಬಲೆಯ ಜಾಗಗಳು ಹಾಳಾದವೆಂಬುದು ಅವರ ದೂರು.

2013ರ ಜುಲೈಯಲ್ಲಿ ಕೇರಳ ಹೈಕೋರ್ಟ್ ಕೆಡವಲು ಹೇಳಿತು. 2020ರ ಜನವರಿ 10ರಂದು, ಮರಡಿನಲ್ಲಿ ಸ್ಫೋಟ ನಡೆಯುವುದಕ್ಕೆ ಒಂದು ದಿನ ಮೊದಲು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೆಡವುವ ಕೆಲಸ ಶುರುವಾದದ್ದು 2022ರ ಸೆಪ್ಟೆಂಬರಿನಲ್ಲಿ. ಹೈಕೋರ್ಟ್ ಆದೇಶದಿಂದಲೇ ಎಣಿಸಿದರೂ ಒಂಬತ್ತು ವರ್ಷ. ಹಣ ಹಾಕಿದವರಿಗೂ ನಷ್ಟ, ಬಲೆಯವರಿಗೂ ನಷ್ಟ. ಮೊದಲ ಕಲ್ಲು ಇಡುವ ಮೊದಲೇ ಗೆರೆ ನೋಡಿದ್ದರೆ ಇಬ್ಬರೂ ಉಳಿಯುತ್ತಿದ್ದರು.

ಊರಿನವರು ಕೇಳಬೇಕಾದದ್ದು

ಪ್ರವಾಸೋದ್ಯಮ ಬೇಡವೆಂದು ಹೇಳುವ ಮಾತಿಲ್ಲ. ನಮ್ಮ ಹುಡುಗರು ಗಲ್ಫಿಗೆ ಹೋಗದೆ ಊರಲ್ಲೇ ದುಡಿಯುವ ದಾರಿಗಳಲ್ಲಿ ಅದೂ ಒಂದು. ದಕ್ಕೆ ನೀರಿನಲ್ಲಿರಲಿ, ಹೊಟೇಲು ನಿಷಿದ್ಧ ವಲಯದ ಗೆರೆ ದಾಟಿ ದಡದಲ್ಲಿರಲಿ. ಅಲ್ಲಿಂದಲೂ ಹೊಳೆ ಕಾಣುತ್ತದೆ.

ನಿಮ್ಮೂರಲ್ಲಿ ಕಂಬ ಎದ್ದರೆ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಉಬ್ಬರದ ಗೆರೆಯನ್ನು ಗುರುತಿಸಿದವರು ಯಾರು? ಪ್ರಾಧಿಕಾರದ ಒಪ್ಪಿಗೆ ದಕ್ಕೆಗೆ ಮಾತ್ರವೋ, ಹೊಟೇಲಿಗೂ ಇದೆಯೋ? ಎಷ್ಟು ದೋಣಿಗೆ? ಕೊಳೆ ನೀರು ಎಲ್ಲಿಗೆ ಹೋಗುತ್ತದೆ? ಬಲೆ ಕಟ್ಟುವ ಜಾಗ, ಮರುವಾಯಿ ಹೆಕ್ಕುವ ಜಾಗ ನಕ್ಷೆಯಲ್ಲಿ ಇದೆಯೇ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಬರಬೇಕು.

ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನದ ಅವಧಿ. ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನ ಸಿಗಬಹುದು. ನಮ್ಮ ಭಾಗದ ಪೀಠ ಚೆನ್ನೈಯಲ್ಲಿದೆ. ಆ ದಿನಗಳು ಕಳೆದ ಮೇಲೆ ಬರುವ ಜಗಳ ದೊಡ್ಡದು. ಆದ್ದರಿಂದ ಕಂಬ ಒಂದೋ ಎರಡೋ ಇರುವಾಗಲೇ ಕೇಳುವುದು ಕಟ್ಟುವವರಿಗೂ ಒಳ್ಳೆಯದು, ಊರಿಗೂ ಒಳ್ಳೆಯದು.