ಹೊಸ ಆಯಿಲ್, ಹಳೆಯ ಫಿಲ್ಟರ್

ಬೆಂಗಳೂರಿನ ದಂಡು ಪ್ರದೇಶದಲ್ಲೂ ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳಲ್ಲೂ ಹಳೆಯದನ್ನು ಮತ್ತೆ ಬಳಕೆಗೆ ತರುವ ಕಸುಬು ಆಳವಾಗಿ ಬೇರೂರಿದೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕಳಚಿದ ಕಾರುಗಳ ಬಾಗಿಲು, ಹೆಡ್‌ಲೈಟು, ಗೇರ್‌ಬಾಕ್ಸುಗಳಿಂದ ಹಿಡಿದು ಇಡೀ ಎಂಜಿನ್ನಿನವರೆಗೆ ಎಲ್ಲವೂ ಎರಡನೆಯ ಬದುಕಿಗೆ ಕಾದಿರುತ್ತವೆ. ಹಲಸೂರಿನ ಒಳರಸ್ತೆಗಳಿಂದ ಕೃಷ್ಣರಾಜಪುರದವರೆಗೆ ಹರಡಿಕೊಂಡ ಸಣ್ಣ ಗ್ಯಾರೇಜುಗಳು ಕಂಪನಿಗಳು ಕೈಬಿಟ್ಟ ಎಷ್ಟೋ ಕಾರುಗಳನ್ನು ಇಂಥ ಬಿಡಿಭಾಗಗಳಿಂದಲೇ ಓಡಿಸುತ್ತಿವೆ. ಈ ಜಾಣ್ಮೆ ಮೆಚ್ಚತಕ್ಕದ್ದು. ಆದರೆ ಅದೇ ಮನೋಭಾವ ಆಯಿಲ್ ಫಿಲ್ಟರಿನವರೆಗೂ ವಿಸ್ತರಿಸಿ, ಎಂಜಿನ್ ಆಯಿಲನ್ನು ಎರಡು ಮೂರು ಬಾರಿ ಬದಲಾಯಿಸಿದರೂ ಫಿಲ್ಟರನ್ನು ಮಾತ್ರ ಹಾಗೆಯೇ ಬಿಡುವ ಅಥವಾ ಪೆಟ್ರೋಲಿನಲ್ಲಿ ತೊಳೆದು ಮರಳಿ ಹಾಕುವ ರೂಢಿಯಾದಾಗ, ಉಳಿತಾಯದ ಲೆಕ್ಕವನ್ನು ತುಸು ನಿಧಾನವಾಗಿ ಪರೀಕ್ಷಿಸಬೇಕಾಗುತ್ತದೆ.

ಎಂಜಿನ್ನಿನ ತಳದಲ್ಲಿರುವ, ಗ್ಯಾರೇಜಿನವರು ಚೇಂಬರ್ ಎಂದು ಕರೆಯುವ ತೊಟ್ಟಿಯಿಂದ ಆಯಿಲನ್ನು ಪಂಪೊಂದು ಎಳೆದು, ಒತ್ತಡದಿಂದ ಮೊದಲು ಫಿಲ್ಟರಿಗೂ ಅಲ್ಲಿಂದ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೂ ಕಳುಹಿಸುತ್ತದೆ. ಸಣ್ಣ ಕಾರೊಂದರಲ್ಲಿರುವುದು ಸುಮಾರು 3 ಲೀಟರ್ ಆಯಿಲ್. ಓಡುತ್ತಿರುವ ಎಂಜಿನ್ನಿನಲ್ಲಿ ಅಷ್ಟೂ ಆಯಿಲ್ ನಿಮಿಷಕ್ಕೆ ಹಲವು ಬಾರಿ ಫಿಲ್ಟರಿನ ಮೂಲಕ ಹಾದುಹೋಗುತ್ತದೆ. ತಗಡಿನ ಡಬ್ಬಿಯಂತೆ ಕಾಣುವ ಫಿಲ್ಟರಿನ ಒಳಗೆ, ರಾಳ ಹೀರಿಸಿ ಗಟ್ಟಿಮಾಡಿದ ಕಾಗದವನ್ನು ನೆರಿಗೆ ನೆರಿಗೆಯಾಗಿ ಮಡಿಸಿ ಇಟ್ಟಿರುತ್ತಾರೆ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ, ಸಾಮಾನ್ಯ ಫಿಲ್ಟರು ಚೆನ್ನಾಗಿ ಹಿಡಿಯಬಲ್ಲದ್ದು 20ರಿಂದ 40 ಮೈಕ್ರಾನಿನ ಕಣಗಳನ್ನು. ಬೇರಿಂಗಿಗೂ ಅದರೊಳಗೆ ತಿರುಗುವ ಉಕ್ಕಿಗೂ ನಡುವೆ ಇರುವ ಆಯಿಲ್ ಪದರ ಕೆಲವೇ ಮೈಕ್ರಾನುಗಳಷ್ಟು ತೆಳು, ಹಾಗಾಗಿ ಅಲ್ಲಿಗೆ ನುಸುಳಿದ ಒಂದು ಮರಳಿನ ಕಣವೂ ಲೋಹವನ್ನು ಗೀರುತ್ತದೆ, ಹಾಗೆ ಕಿತ್ತುಬಂದ ಲೋಹದ ಪುಡಿ ಮತ್ತಷ್ಟು ಗೀರುಗಳಿಗೆ ಕಾರಣವಾಗುತ್ತದೆ.

ಅದೇ ಡಬ್ಬಿಯಲ್ಲಿ ಸಾಮಾನ್ಯವಾಗಿ ಎರಡು ಕವಾಟಗಳೂ ಇದ್ದು, ಈ ಚರ್ಚೆಯ ಮುಖ್ಯ ತಿರುಳು ಅವುಗಳಲ್ಲಿದೆ. ಎಂಜಿನ್ ನಿಂತಾಗ ಡಬ್ಬಿಯಲ್ಲಿರುವ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರಿನ ಕವಾಟ ಮೊದಲನೆಯದು. ಬಿಸಿಯಲ್ಲಿ ಬೆಂದು ಅದು ಗಡುಸಾದರೆ ರಾತ್ರಿಯಿಡೀ ಆಯಿಲ್ ಸೋರಿ ಚೇಂಬರ್ ಸೇರುವುದರಿಂದ, ಬೆಳಿಗ್ಗೆ ಕಾರು ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಬೇರಿಂಗುಗಳು ಸಾಕಷ್ಟು ಆಯಿಲ್ ಇಲ್ಲದೆಯೇ ತಿರುಗಬೇಕಾಗುತ್ತದೆ. ಎರಡನೆಯದು ಬೈಪಾಸ್ ಕವಾಟ. ಕಾಗದ ಕಟ್ಟಿಕೊಂಡು ಅದರ ಎರಡು ಬದಿಗಳ ಒತ್ತಡದ ಅಂತರ ಒಂದು ಮಿತಿಯನ್ನು, ಸಾಮಾನ್ಯವಾಗಿ 1 ಬಾರ್ ಆಸುಪಾಸಿನ ಮಿತಿಯನ್ನು ಮೀರಿದರೆ ಈ ಕವಾಟ ತೆರೆದುಕೊಂಡು, ಆಯಿಲನ್ನು ಸೋಸದೆಯೇ ಎಂಜಿನ್ನಿಗೆ ಬಿಡುತ್ತದೆ. ಆಯಿಲ್ ಇಲ್ಲದಿರುವುದಕ್ಕಿಂತ ಕೊಳಕು ಆಯಿಲಾದರೂ ಮೇಲು ಎಂಬ ವಿವೇಕ ಇದರ ಹಿಂದಿದೆ. ಆದರೆ ಹೀಗಾದಾಗ ಯಾವ ದೀಪವೂ ಹೊತ್ತುವುದಿಲ್ಲ, ಯಾವ ಸದ್ದೂ ಬರುವುದಿಲ್ಲ. ಹಳೆಯ ಫಿಲ್ಟರಿನಿಂದ ಏನೂ ತೊಂದರೆಯಾಗಲಿಲ್ಲ ಎಂಬ ಅನುಭವದ ಮಾತಿಗೆ ಇದೇ ಕಾರಣ. ಫಿಲ್ಟರು ಕೆಲಸ ನಿಲ್ಲಿಸಿದ್ದು ಮಾಲೀಕರಿಗೆ ತಿಳಿಯುವ ಉಪಾಯವನ್ನೇ ಸಾಮಾನ್ಯ ಕಾರುಗಳಲ್ಲಿ ಇಟ್ಟಿಲ್ಲ.

ಮೊದಲ ಕಾಲದ ಕಾರುಗಳಲ್ಲಿ ಫಿಲ್ಟರೇ ಇರಲಿಲ್ಲ, ಆದ್ದರಿಂದ ಆಯಿಲನ್ನು ಬಹಳ ಬೇಗ ಬೇಗ ಬದಲಾಯಿಸಬೇಕಾಗುತ್ತಿತ್ತು. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಜ್ 1923ರಲ್ಲಿ ಪ್ಯೂರೊಲೇಟರ್ ಎಂಬ ಹೆಸರಿನ ಫಿಲ್ಟರಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದರು; ತಿರುಗಿಸಿ ಬಿಗಿಯುವ ಇಂದಿನ ಡಬ್ಬಿ ಫಿಲ್ಟರು 1950ರ ದಶಕದಲ್ಲಿ ಬಂದಿತು.

ಫಿಲ್ಟರನ್ನು ಮತ್ತೆ ಬಳಸಬಹುದು ಎನ್ನುವವರ ವಾದ ಪೂರ್ತಿ ಆಧಾರವಿಲ್ಲದ್ದಲ್ಲ, ಅದನ್ನು ನ್ಯಾಯವಾಗಿ ಕೇಳಿಸಿಕೊಳ್ಳಬೇಕು. ಹೊಂಡಾ ಕಂಪನಿ ಅಮೆರಿಕದಲ್ಲಿ ಮಾರುವ ಕಾರುಗಳ ನಿರ್ವಹಣಾ ಸೂಚನೆಯಲ್ಲಿ ‘ಎ’ ಎಂದರೆ ಆಯಿಲ್ ಮಾತ್ರ ಬದಲಾಯಿಸಿ ಎಂದೂ, ‘ಬಿ’ ಎಂದರೆ ಆಯಿಲಿನೊಂದಿಗೆ ಫಿಲ್ಟರನ್ನೂ ಬದಲಾಯಿಸಿ ಎಂದೂ ಅರ್ಥ. ಅಂದರೆ ಒಂದು ಫಿಲ್ಟರು ಎರಡು ಸಲದ ಆಯಿಲಿಗೆ ಬರುತ್ತದೆಂದು ತಯಾರಕರೇ ಒಪ್ಪಿದ ಉದಾಹರಣೆ ಇದೆ. ಇದರ ಹಿಂದೆ ಒಂದು ಭೌತಿಕ ಸತ್ಯವೂ ಇದೆ. ಕಾಗದದ ರಂಧ್ರಗಳಲ್ಲಿ ಕಣಗಳು ಸಿಕ್ಕಿಕೊಂಡಂತೆ ರಂಧ್ರಗಳು ಕಿರಿದಾಗಿ, ಮುಂದಿನ ಕಣಗಳನ್ನು ಫಿಲ್ಟರು ಮೊದಲಿಗಿಂತ ಚೆನ್ನಾಗಿಯೇ ಹಿಡಿಯುತ್ತದೆ, ಆದ್ದರಿಂದ ಅರ್ಧ ಆಯುಸ್ಸು ಕಳೆದ ಫಿಲ್ಟರು ಹೊಚ್ಚಹೊಸದಕ್ಕಿಂತ ಸೂಕ್ಷ್ಮವಾಗಿ ಸೋಸಬಹುದು. ಆದರೆ ಈ ಗುಣ ಬೈಪಾಸ್ ಕವಾಟ ತೆರೆಯುವವರೆಗೆ ಮಾತ್ರ, ಮತ್ತು ಆ ಗಳಿಗೆ ಯಾವಾಗ ಬರುತ್ತದೆಂಬುದು ಕಾರು ಎಲ್ಲಿ, ಹೇಗೆ ಓಡುತ್ತದೆ ಎಂಬುದರ ಮೇಲೆ ನಿಂತಿದೆ.

ಬೆಂಗಳೂರಿನ ಪೂರ್ವಭಾಗದ ಮಾತು ಬೇರೆಯಾಗುವುದು ಇಲ್ಲಿಯೇ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಿತ್ತು. ಆ ಲೆಕ್ಕದಲ್ಲಿ 10,000 ಕಿಲೋಮೀಟರ್ ಓಡಿದ ಕಾರಿನ ಎಂಜಿನ್ನು ಸುಮಾರು 570 ಗಂಟೆ ದುಡಿದಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟೇ ದೂರ ಸಾಗಿದ ಕಾರು ದುಡಿಯುವುದು 167 ಗಂಟೆ. ಮೀಟರಿನಲ್ಲಿ ಎರಡೂ ಒಂದೇ ಅಂಕಿ ತೋರಿಸಿದರೂ ಒಂದರ ದುಡಿಮೆ ಇನ್ನೊಂದರ ಮೂರು ಪಟ್ಟಿಗಿಂತ ಹೆಚ್ಚು. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗುಸೇತುವೆ ದಾಟುವಷ್ಟರಲ್ಲಿ, ಇಂದಿರಾನಗರದ ನೂರಡಿ ರಸ್ತೆಯ ಸಿಗ್ನಲುಗಳಲ್ಲಿ, ಕಿಲೋಮೀಟರ್ ಏರದೆ ಎಂಜಿನ್ನು ಮಾತ್ರ ತಿರುಗುತ್ತಲೇ ಇರುತ್ತದೆ. ಇದರ ಜೊತೆಗೆ ವರ್ಷಗಟ್ಟಲೆ ನಡೆಯುವ ಮೆಟ್ರೊ ಮತ್ತು ರಸ್ತೆ ಕಾಮಗಾರಿಗಳ ಧೂಳಿದೆ. ಗಾಳಿಯ ಫಿಲ್ಟರನ್ನು ದಾಟಿ ಒಳಬರುವ ಆ ಮರಳಿನಂಶ ಕೊನೆಗೆ ಸೇರುವುದು ಆಯಿಲನ್ನೇ. ನಿಂತು ನಿಂತು ಸಾಗುವ ಸಂಚಾರ, ಧೂಳು, ಎಂಜಿನ್ನು ಸರಿಯಾಗಿ ಬಿಸಿಯಾಗುವ ಮೊದಲೇ ಮುಗಿಯುವ ಗಿಡ್ಡ ಓಡಾಟ, ಇವನ್ನೆಲ್ಲ ಕಾರು ತಯಾರಕರ ಕೈಪಿಡಿಗಳು ಕಠಿಣ ಬಳಕೆ ಎಂದು ವರ್ಗೀಕರಿಸಿ, ಸರ್ವಿಸಿನ ಅಂತರವನ್ನು ಕಡಿಮೆ ಮಾಡಲು ಹೇಳುತ್ತವೆ. ಒಂದು ಫಿಲ್ಟರಿಗೆ ಎರಡು ಆಯಿಲ್ ಎಂಬ ನಿಯಮವನ್ನು ಬೇರೆ ಬಗೆಯ ರಸ್ತೆಗಳಿಂದ ತಂದು ಇಲ್ಲಿ ಅನ್ವಯಿಸುವುದು ಈ ಕಾರಣಕ್ಕೆ ಸಲ್ಲದು.

ತೊಳೆದು ಬಳಸುವ ರೂಢಿಗೆ ಮೂಲ ಬಹುಶಃ ಬೈಕುಗಳಲ್ಲಿದೆ. ಸ್ಪ್ಲೆಂಡರಿನಂಥ 100 ಸಿಸಿ ಬೈಕುಗಳಲ್ಲಿ ಕಾಗದದ ಫಿಲ್ಟರೇ ಇಲ್ಲ. ಲೋಹದ ತಂತಿಯ ಜಾಲರಿಯೂ, ತಿರುಗುವ ವೇಗದಿಂದಲೇ ಭಾರದ ಕಣಗಳನ್ನು ಅಂಚಿಗೆ ತಳ್ಳಿ ಕೂರಿಸುವ ಬಟ್ಟಲೂ ಇರುತ್ತವೆ. ಇವನ್ನು ಕಳಚಿ ತೊಳೆಯುವುದೇ ಸರಿಯಾದ ಕ್ರಮ. ಅಲ್ಲಿ ಕೈ ಪಳಗಿದವರಿಗೆ ಕಾರಿನ ಫಿಲ್ಟರೂ ತೊಳೆಯುವ ವಸ್ತುವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಜಾಲರಿ ಕಣವನ್ನು ಹಿಡಿಯುವುದು ಮೇಲ್ಮೈಯಲ್ಲಿ, ಕಾಗದ ಹಿಡಿಯುವುದು ನಾರುಗಳ ಆಳದಲ್ಲಿ. ಪೆಟ್ರೋಲು, ಸೀಮೆಎಣ್ಣೆಗಳಿಂದ ಮೇಲಿನ ಜಿಡ್ಡು ಹೋದರೂ ಒಳಗೆ ಸಿಕ್ಕಿಕೊಂಡದ್ದು ಹೋಗುವುದಿಲ್ಲ. ಕಂಪ್ರೆಸರಿನ ಗಾಳಿ ಹಾಯಿಸಿದರೆ ನೆರಿಗೆ ಹರಿಯುವ ಅಪಾಯವಿದೆ, ಹರಿದ ನೆರಿಗೆ ಹೊರಗಿನಿಂದ ಕಾಣುವುದಿಲ್ಲ. ಒಳಗೆ ಉಳಿದ ಸೀಮೆಎಣ್ಣೆ ಹೊಸ ಆಯಿಲಿಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಇದಲ್ಲದೆ ಡಬ್ಬಿಯ ಬಾಯಿಗಿರುವ ರಬ್ಬರ್ ವಾಶರು ಒಮ್ಮೆ ಬಿಸಿಯಲ್ಲಿ ಒತ್ತಿ ಚಪ್ಪಟೆಯಾದರೆ ಮತ್ತೆ ಅಷ್ಟೇ ಚೆನ್ನಾಗಿ ಕೂರುವ ಭರವಸೆಯಿಲ್ಲ, ಅಲ್ಲಿ ಸೋರಿಕೆ ಶುರುವಾದರೆ ಒತ್ತಡದಲ್ಲಿರುವ ಆಯಿಲ್ ಬೇಗನೆ ಖಾಲಿಯಾಗಬಹುದು. ತೊಳೆಯಲೆಂದೇ ಮಾಡಿದ ಉಕ್ಕಿನ ಜಾಲರಿಯ ಕಾರು ಫಿಲ್ಟರುಗಳು ಇವೆ, ಆದರೆ ಅವು ದುಬಾರಿ, ಮತ್ತು ಪ್ರತಿ ಸಲವೂ ಶುದ್ಧ ದ್ರಾವಕದಲ್ಲಿ ತೊಳೆದು, ಬೆಳಕಿಗೆ ಹಿಡಿದು ಪರೀಕ್ಷಿಸುವ ಶ್ರದ್ಧೆಯನ್ನು ಬೇಡುತ್ತವೆ. ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಡಬ್ಬಿ ಎಂಜಿನ್ನಿನಲ್ಲೇ ಉಳಿದು, ಒಳಗಿನ ಕಾಗದವನ್ನೂ ರಬ್ಬರ್ ಉಂಗುರವನ್ನೂ ಮಾತ್ರ ಬದಲಾಯಿಸುವ ಏರ್ಪಾಡಿದೆ. ಮರುಬಳಕೆಯ ಆಸೆಯನ್ನು ವಿನ್ಯಾಸದಲ್ಲಿಯೇ ಸರಿಯಾಗಿ ಈಡೇರಿಸಿದ ದಾರಿ ಇದು. ಎಲ್ಲ ಕಾರುಗಳಿಗೂ ಇದೇ ಬರಬೇಕು.

ಆಯಿಲ್ ಹೊಸದಾಗಿರುವಾಗ ಫಿಲ್ಟರಿನ ಕೆಲಸ ಕಡಿಮೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಎಂಜಿನ್ನಿನ ಒಳಗೋಡೆಗಳಿಗೆ ಅಂಟಿದ ಕೆಸರನ್ನು ಬಿಡಿಸುವ ಮಾರ್ಜಕ ರಾಸಾಯನಿಕಗಳು ಹೊಸ ಆಯಿಲಿನಲ್ಲಿ ತಾಜಾ ಇರುತ್ತವೆ. ಹಾಗೆ ಬಿಟ್ಟುಬಂದ ಕೆಸರಿನ ದೊಡ್ಡ ಕಣಗಳು ಬರುವುದು ಫಿಲ್ಟರಿಗೇ. ಹಳೆಯ ಡಬ್ಬಿಯಲ್ಲಿ ಉಳಿದ ಕಾಲು ಲೀಟರಿನಷ್ಟು ಕೊಳಕು ಆಯಿಲ್ ಕೂಡ ಹೊಸದರೊಂದಿಗೆ ಬೆರೆಯುತ್ತದೆ, 3 ಲೀಟರಿನಲ್ಲಿ ಅದು ಶೇಕಡ 8ರಷ್ಟು. ಸಣ್ಣ ಕಾರಿನ ಫಿಲ್ಟರಿಗೆ ತಗಲುವ ವೆಚ್ಚ ಅದೇ ಸರ್ವಿಸಿನ ಆಯಿಲಿನ ಬೆಲೆಯ ಒಂದು ಸಣ್ಣ ಭಾಗ ಮಾತ್ರ, ಬೇರಿಂಗ್ ಸವೆದರೆ ಎಂಜಿನ್ನನ್ನೇ ಇಳಿಸಿ ಬಿಚ್ಚಬೇಕು. ನಿಜವಾಗಿ ಉಳಿತಾಯ ಬೇಕಾದವರು ಎಚ್ಚರ ವಹಿಸಬೇಕಾದದ್ದು ನಕಲಿ ಫಿಲ್ಟರಿನ ವಿಷಯದಲ್ಲಿ: ಬಿಲ್ಲಿನಲ್ಲಿ ಫಿಲ್ಟರಿನ ನಂಬರು ಬರೆಸಿಕೊಳ್ಳುವುದು, ಕಳಚಿದ ಹಳೆಯ ಡಬ್ಬಿಯನ್ನು ತೋರಿಸಿ ಎಂದು ಕೇಳುವುದು ಗ್ರಾಹಕರ ಹಕ್ಕು.

ಪ್ರತಿ ಸಲ ಬಿಸಾಡಿದರೆ ಕಸ ಹೆಚ್ಚುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು, ಏಕೆಂದರೆ ಫಿಲ್ಟರನ್ನು ಉಳಿಸಿಕೊಳ್ಳಲು ಇರುವ ಅತ್ಯಂತ ಪ್ರಾಮಾಣಿಕ ಕಾರಣ ಇದೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಆಯಿಲ್ ಹತ್ತಿದ ಫಿಲ್ಟರುಗಳೂ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿವೆ. ಬಳಸಿದ ಆಯಿಲಿನ ಮರುಸಂಸ್ಕರಣೆಗೆ ಆಯಿಲ್ ತಯಾರಿಸುವ ಕಂಪನಿಗಳನ್ನೇ ಹೊಣೆಯಾಗಿಸುವ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಚರಂಡಿಗೆ ಸುರಿದ ಆಯಿಲ್ ರಾಜಕಾಲುವೆ ಸೇರಿದರೆ ಅದರ ಮುಂದಿನ ದಾರಿ ಕೆರೆಗಳದ್ದು. ಹಲಸೂರು ಕೆರೆಯ ಕೋಡಿ ನೀರು ಬೆಳ್ಳಂದೂರಿಗೂ ಅಲ್ಲಿಂದ ವರ್ತೂರಿಗೂ ಹರಿಯುತ್ತದೆ. ಕಳಚಿದ ಫಿಲ್ಟರನ್ನು ಬಿಸಿಯಿರುವಾಗಲೇ ಬೋರಲು ಹಾಕಿ, ತಳಕ್ಕೆ ತೂತು ಕೊರೆದು, ಒಂದು ಹಗಲು ರಾತ್ರಿ ಬಸಿಯಲು ಬಿಟ್ಟರೆ ಒಳಗಿನ ಆಯಿಲಿನ ಬಹುಪಾಲು ಹೊರಬರುತ್ತದೆ. ಹಾಗೆ ಬಸಿದದ್ದನ್ನು ಗ್ಯಾರೇಜಿನ ಉಳಿದ ಸುಟ್ಟ ಆಯಿಲಿನೊಂದಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಸಂಸ್ಕರಣಾ ಘಟಕಕ್ಕೂ, ಬಸಿದ ಡಬ್ಬಿಯನ್ನು ಅಂಥ ತ್ಯಾಜ್ಯ ತೆಗೆದುಕೊಳ್ಳಲು ಅನುಮತಿಯಿರುವವರಿಗೂ ಕೊಟ್ಟರೆ ಆಯಿಲ್ ಮತ್ತೆ ಆಯಿಲಾಗಿ, ತಗಡು ಮತ್ತೆ ಉಕ್ಕಾಗಿ ಬಳಕೆಗೆ ಬರುವ ದಾರಿ ತೆರೆಯುತ್ತದೆ. ಸಣ್ಣ ಗ್ಯಾರೇಜೊಂದಕ್ಕೆ ಇದಕ್ಕಾಗಿ ಬೇಕಾಗುವುದು ಒಂದು ಜಾಲರಿಯ ತಟ್ಟೆ, ಮುಚ್ಚಳವಿರುವ ಒಂದು ಡ್ರಮ್ಮು, ಮತ್ತು ಅದು ತುಂಬಿದಾಗ ಬಂದು ಒಯ್ಯುವ ಅಧಿಕೃತ ಸಂಗ್ರಾಹಕರು. ಮೊದಲಿನ ಎರಡನ್ನು ಗ್ಯಾರೇಜಿನವರೇ ಒದಗಿಸಿಕೊಳ್ಳಬಲ್ಲರು, ಮೂರನೆಯದು ಪ್ರತಿ ಬಡಾವಣೆಯ ಸಣ್ಣ ಗ್ಯಾರೇಜಿನ ಬಾಗಿಲಿಗೂ ತಲುಪುವಂತೆ ನೋಡಿಕೊಳ್ಳುವುದು ಹೊಸ ನಿಯಮದ ಹೊಣೆ ಹೊತ್ತ ಕಂಪನಿಗಳ ಮತ್ತು ಮಂಡಳಿಯ ಕೆಲಸ.