ಹಳೆಯ ಗಾಡಿಗೆ ಹೊಸ ಬ್ಯಾಟರಿ

ಪತ್ರಿಕೆಯ ಕೊನೆಯ ಪುಟ ಅಚ್ಚಿಗೆ ಹೋದ ಮೇಲೆ ಮೊನ್ನೆ ನಮ್ಮ ಕಚೇರಿಗೆ ಮಹನೀಯರೊಬ್ಬರು ಆಗಮಿಸಿದರು. ಕುಂದಾಪುರದ ಕಡೆಯವರು, ಮುಂಬಯಿಯ ಕೋಟೆ ವಿಭಾಗದಲ್ಲಿ ಗುಮಾಸ್ತಿಕೆ ಮಾಡಿ ತಲೆ ನರೆಸಿಕೊಂಡವರು, ನಮ್ಮ ಹಳೆಯ ಚಂದಾದಾರರು. ಚಹಾ ಬರುವುದರೊಳಗೆ ವಿಷಯಕ್ಕೆ ಬಂದರು. ತಮ್ಮ ಹಿಂದಿನ ಅಧಿಕಾರಿಗಳಿಂದ ಅಗ್ಗಕ್ಕೆ ಕೊಂಡ ರೇವಾ ವಿದ್ಯುತ್ ಕಾರೊಂದು ಅವರಲ್ಲಿದೆ. ಅದರ ಬ್ಯಾಟರಿ ಸತ್ತಿದೆ. ಎರಡು ಮಳೆಗಾಲಗಳಿಂದ ಗಾಡಿ ಕಟ್ಟಡದ ಕೆಳಗೆ ತಾಡಪಾಲು ಹೊದ್ದು ನಿಂತಿದೆ. ‘ಸೀಸದ ಬ್ಯಾಟರಿ ಕಿತ್ತು ಲಿಥಿಯಂ ಕೂರಿಸಿಕೊಡುತ್ತೇನೆ, ಒಂದೇ ದಿನದ ಕೆಲಸ’ ಎಂದು ಅಂಗಡಿಯವನೊಬ್ಬನು ಭರವಸೆ ಕೊಟ್ಟಿದ್ದಾನೆ. ಅವನು ಕೇಳಿದ ಮೊತ್ತವು ಈ ಗೃಹಸ್ಥರ ನಿವೃತ್ತಿಯ ಗಂಟಿನಿಂದಲೇ ಹೊರಡಬೇಕು.

“ಹಾಕಿಸಲೋ, ಗುಜರಿಗೆ ಕೊಡಲೋ? ನೀವೇ ಹೇಳಿ ಮಾರಾಯರೇ” ಎಂದರು.

ನಾವು ಇಂಜಿನಿಯರರಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು. ಆದರೆ ಬ್ಯಾಟರಿಯ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡ ಅನುಭವ ನಮಗೂ ಉಂಟು. ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದಾಗ ನಮ್ಮ ಇನ್ವರ್ಟರಿನ ಸೀಸದ ಬ್ಯಾಟರಿ ಕೈಕೊಟ್ಟಿತು. ಮಾರುವವನೊಬ್ಬನ ಮಾತು ನಂಬಿ ಅದರ ಜಾಗದಲ್ಲಿ ಲಿಥಿಯಂ ಪೆಟ್ಟಿಗೆಯನ್ನಿರಿಸಿದೆವು. ಇನ್ವರ್ಟರು ಮಾತ್ರ ಹಳೆಯದೇ. ಮೊದಲ ತಿಂಗಳು ಎಲ್ಲವೂ ಸುಸೂತ್ರ. ಆಮೇಲೊಂದು ರಾತ್ರಿ, ಊಟದ ಗಿರಾಕಿಗಳು ತುಂಬಿ ಕಾವಲಿಯ ಮೇಲೆ ದೋಸೆಗಳಿದ್ದಾಗ, ಸೂಚಕದಲ್ಲಿ ‘ಪೂರ್ಣ’ ಎಂಬ ಹಸಿರು ದೀಪ ಉರಿಯುತ್ತಿದ್ದಂತೆಯೇ ಹೋಟೆಲೆಲ್ಲ ಗಪ್ಪೆಂದು ಕತ್ತಲಾಯಿತು. ಮರುದಿನ ಪೆಟ್ಟಿಗೆ ಬಿಚ್ಚಿಸಿದರೆ ಒಂದು ಕೋಶ ಹಲಸಿನ ಹಪ್ಪಳದಂತೆ ಉಬ್ಬಿತ್ತು. ಮಾರಿದವನು ಫೋನು ಎತ್ತಲಿಲ್ಲ.

ಕಾರಣ ತಿಳಿದದ್ದು ಬಹಳ ತಡವಾಗಿ. ಸೀಸದ ಬ್ಯಾಟರಿಯು ಬರಿದಾಗುತ್ತ ಬಂದಂತೆ ಅದರ ವೋಲ್ಟೇಜು ಮೆಲ್ಲಗೆ ಇಳಿಯುತ್ತದೆ. ಹಳೆಯ ಸೂಚಕವು ಆ ಇಳಿತವನ್ನೇ ನೋಡಿ ಲೆಕ್ಕ ಹೇಳುತ್ತದೆ. ಲಿಥಿಯಂ ಕಬ್ಬಿಣ ಫಾಸ್ಫೇಟಿನ ಕೋಶವಾದರೋ ಬಹುಪಾಲು ಕೊನೆಯವರೆಗೆ ಒಂದೇ ಮಟ್ಟದಲ್ಲಿ ನಿಂತು ಆಮೇಲೆ ತಟಕ್ಕನೆ ಕುಸಿಯುತ್ತದೆ. ಇನ್ನೊಂದು ಸಂಗತಿ: ಸೀಸದ ಕೋಶಗಳನ್ನು ಸರಿಸಮ ಮಾಡಲು ಚಾರ್ಜರು ಆಗಾಗ ಹೆಚ್ಚಿನ ವೋಲ್ಟೇಜು ಕೊಡುತ್ತದೆ. ಸೀಸವು ಒಂದಿಷ್ಟು ನೀರನ್ನು ಅನಿಲವಾಗಿ ಒಡೆದು ಕಳೆದುಕೊಂಡು ಅದನ್ನು ಸಹಿಸಿಕೊಳ್ಳುತ್ತದೆ. ನಾವು ಡಿಸ್ಟಿಲ್ಡ್ ವಾಟರ್ ಹೊಯ್ಯುವುದು ಅದಕ್ಕಾಗಿಯೇ. ಲಿಥಿಯಮ್ಮಿಗೆ ಅಂಥ ಸಹನೆ ಇಲ್ಲ. ಸೌದೆಯ ಒಲೆ ತೆಗೆದು ಗ್ಯಾಸಿನ ಒಲೆ ಇಟ್ಟ ದಿನ ಅಡಿಗೆಭಟ್ಟರ ಕೈಯೂ ಬದಲಾಗಬೇಕೆಂಬುದು ನಮಗೆ ಗೊತ್ತಿದ್ದರೂ, ಬ್ಯಾಟರಿಯ ವಿಷಯದಲ್ಲಿ ಅದು ಹೊಳೆಯಲಿಲ್ಲ.

ಇನ್ನು ರೇವಾ ಗಾಡಿಯ ಮಾತು. ಇದು ನಮ್ಮ ಬೆಂಗಳೂರಿನ ಕೂಸು. 1994ರಲ್ಲಿ ಮೈನಿ ಸಮೂಹವು ಅಮೇರಿಕದ ಸಂಸ್ಥೆಯೊಂದರೊಡನೆ ಸೇರಿ ಸ್ಥಾಪಿಸಿದ ಕಂಪೆನಿಯು ಶ್ರೀ ಚೇತನ್ ಮೈನಿಯವರ ನೇತೃತ್ವದಲ್ಲಿ 2001ರಲ್ಲಿ ಈ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಲಂಡನ್ನಿನ ಬೀದಿಗಳಲ್ಲಿ ಇದು ಜಿ-ವಿಜ್ ಎಂಬ ಹೆಸರಿನಿಂದ ಓಡಿತು. 2010ರಲ್ಲಿ ಕಂಪೆನಿಯ ಹೆಚ್ಚಿನ ಪಾಲು ಮಹೀಂದ್ರದವರ ಕೈಸೇರಿತು. 2013ರಲ್ಲಿ ಇ2ಓ ಬಂದಾಗ ರೇವಾದ ಕಾಲ ಮುಗಿದಿತ್ತು. ಆಸನದ ಕೆಳಗೆ 6 ವೋಲ್ಟಿನ 8 ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟು. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್ ಎಂಬುದು ಕಂಪೆನಿಯ ಲೆಕ್ಕ. ಬ್ಯಾಟರಿಗಳ ತೂಕವೇ ಎರಡೂವರೆ ಕ್ವಿಂಟಲನ್ನು ಮೀರುತ್ತಿತ್ತು. ಕಾರ್ಖಾನೆಯವರೇ ಲಿಥಿಯಂ ಕೂಡಿಸಿದ ಮಾದರಿಯೊಂದನ್ನು 2009ರಲ್ಲಿ ಪ್ರಕಟಿಸಿದರು. ಅದಕ್ಕೆ 120 ಕಿಲೋಮೀಟರ್ ಎಂದರು. ಆದುದರಿಂದ ಈ ಗಾಡಿಗೆ ಲಿಥಿಯಂ ಒಗ್ಗುವುದೇ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಆದರೆ ಅಂಗಡಿಯವನ ‘ಒಂದೇ ದಿನದ ಕೆಲಸ’ದಲ್ಲಿ ಎಷ್ಟು ಕೆಲಸ ಅಡಗಿದೆಯೆಂಬುದನ್ನು ಬಿಡಿಸಿ ನೋಡಬೇಕು. ಲಿಥಿಯಂ ಫಾಸ್ಫೇಟಿನ ಒಂದು ಕೋಶಕ್ಕೆ 3.2 ವೋಲ್ಟು. ಹದಿನೈದು ಸಾಲಾಗಿ ಜೋಡಿಸಿದರೆ 48, ಹದಿನಾರಾದರೆ 51.2. ಪೂರ್ತಿ ತುಂಬಿದಾಗ ಒಂದೊಂದು ಕೋಶವೂ 3.65 ವೋಲ್ಟನ್ನು ದಾಟಬಾರದು. ಅಂದರೆ ಹದಿನಾರು ಕೋಶಗಳ ಸಾಲಿಗೆ 58.4 ವೋಲ್ಟು ಲಕ್ಷ್ಮಣರೇಖೆ. ಸೀಸಕ್ಕೆಂದು ಮಾಡಿದ ಚಾರ್ಜರು ಕೊನೆಯ ಹಂತದಲ್ಲಿ 60 ವೋಲ್ಟನ್ನು ಮೀರಬಲ್ಲದು. ಆದಕಾರಣ ಚಾರ್ಜರನ್ನು ಬದಲಿಸಲೇಬೇಕು, ಇಲ್ಲವೇ ಅದರ ಲೆಕ್ಕವನ್ನು ತಿದ್ದಿಸಬೇಕು. ಪ್ರತಿಯೊಂದು ಕೋಶದ ವೋಲ್ಟೇಜನ್ನೂ ಶಾಖವನ್ನೂ ಕಾಯುವ ನಿರ್ವಾಹಕ ಫಲಕ ಬೇಕು, ಬಿ.ಎಂ.ಎಸ್. ಎಂದು ಮಿಸ್ತ್ರಿಗಳು ಕರೆಯುವುದು ಇದನ್ನೇ. ಅಪಾಯ ಕಂಡೊಡನೆ ಅದು ಚಾರ್ಜರಿಗೂ ಮೋಟಾರಿಗೂ ‘ನಿಲ್ಲು’ ಎಂದು ಹೇಳಬಲ್ಲಂತೆ ತಂತಿ ಎಳೆಯಬೇಕು. ರೇವಾದೊಳಗೆ ಮೊದಲೇ ಒಂದು ಗಣಕಯಂತ್ರವಿದ್ದು, ಅದು ಸೀಸದ ಗುಣವನ್ನು ಬಾಯಿಪಾಠ ಮಾಡಿಕೊಂಡಿದೆ. ನಮ್ಮ ಇನ್ವರ್ಟರಿನ ಹಸಿರು ದೀಪದಂತೆ ಅದೂ ತಪ್ಪು ಲೆಕ್ಕ ಹೇಳದ ಹಾಗೆ ನೋಡಬೇಕು. ತೂಕ ಸುಮಾರು ನೂರು ಕಿಲೋವಿಗೆ ಇಳಿದಾಗ ಗಾಡಿಯ ಸ್ಪ್ರಿಂಗುಗಳು ಮೇಲೇಳುತ್ತವೆ. ಖಾಲಿ ಉಳಿದ ಜಾಗದಲ್ಲಿ ಕೋಶಗಳು ಅಲುಗಾಡದಂತೆ ಬಿಗಿಯಾದ ಲೋಹದ ಪೆಟ್ಟಿಗೆ ಬೇಕು. ಮುಂಬಯಿಯ ಮಳೆನೀರು ಒಳಹೊಗದಿರಬೇಕು. ಈ ಎಲ್ಲದರ ಮೇಲೆಯೇ ಚಾಲಕನು ಕುಳಿತುಕೊಳ್ಳುತ್ತಾನೆಂಬುದನ್ನು ಮರೆಯಬಾರದು.

ಇವೆಲ್ಲ ನಮ್ಮ ದೇಶದ ಬಡತನದ ತೊಡಕುಗಳೆಂದು ಯಾರಾದರೂ ಭಾವಿಸಿದರೆ ತಪ್ಪಾದೀತು. ಸಿರಿವಂತ ದೇಶಗಳಲ್ಲಿಯೂ ಇದೇ ಜಿಜ್ಞಾಸೆ ನಡೆದಿದೆ. ಜಪಾನಿನ ನಿಸಾನ್ ಕಂಪೆನಿಯ ಲೀಫ್ ಕಾರು 2010ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದಿತು. ಅದು ನಮ್ಮಲ್ಲಿಗೆ ಬರಲಿಲ್ಲ. ಆದರೂ ಅದರ ಕಥೆ ನಮಗೆ ಪಾಠವಾಗುವಂಥದು. ಮೊದಲ ಬ್ಯಾಟರಿ 24 ಕಿಲೋವಾಟ್ ಅವರಿನದು. ಕಿಲೋವಾಟ್ ಅವರೆಂದರೆ ನಮ್ಮ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟೇ. ಆ ಬ್ಯಾಟರಿಗೆ ತಂಪು ಮಾಡುವ ನೀರಿನ ಏರ್ಪಾಡು ಇರಲಿಲ್ಲ. 2012ರಲ್ಲಿ ಅಮೇರಿಕದ ಅರಿಝೋನದ ಬಿಸಿಲಿನಲ್ಲಿ ಓಡಿಸಿದವರು, ಒಂದೆರಡು ವರ್ಷದಲ್ಲೇ ಬ್ಯಾಟರಿ ಸೊರಗಿತೆಂದು ದೂರಿದರು. ಚೆನ್ನೈ, ಹೈದರಾಬಾದ್, ದೆಹಲಿಗಳ ವಾಚಕರು ಇದನ್ನು ಗಮನಿಸಬೇಕು.

2014ರಲ್ಲಿ ನಿಸಾನಿನವರು ಅಮೇರಿಕದಲ್ಲಿ ಹಳೆಯ ಬ್ಯಾಟರಿ ಹಿಂದಿರುಗಿಸಿದವರಿಗೆ 5,499 ಡಾಲರಿಗೆ ಹೊಸತನ್ನು ಕೊಡತೊಡಗಿದರು. ಅದೂ 24 ಯೂನಿಟ್ಟಿನದೇ. ಅನಂತರ ಬಂದ ಗಾಡಿಗಳಲ್ಲಿ 30, 40, 62 ಯೂನಿಟ್ಟುಗಳ ಬ್ಯಾಟರಿಗಳು ಬಂದವು. 40ರ ಪೆಟ್ಟಿಗೆಯ ಹೊರ ಅಳತೆ ಹೆಚ್ಚುಕಡಿಮೆ ಹಳೆಯದರಂತೆಯೇ. ಅಪಘಾತದಲ್ಲಿ ಹಾಳಾದ ಹೊಸ ಗಾಡಿಯ ಬ್ಯಾಟರಿಯನ್ನು ಇಳಿಸಿ ಹಳೆಯ ಗಾಡಿಗೆ ಏರಿಸಬಾರದೇಕೆ ಎಂದು ಕೆಲವು ಹವ್ಯಾಸಿ ತಂತ್ರಜ್ಞರು ಕೇಳಿದರು. ಬೋಲ್ಟುಗಳು ಕೂಡಿಕೊಂಡವು. ಆದರೆ ಗಾಡಿ ಹೊರಡಲಿಲ್ಲ! ಹೊಸ ಬ್ಯಾಟರಿಯ ಮಾತು ಹಳೆಯ ಗಾಡಿಯ ಗಣಕಕ್ಕೆ ಅರ್ಥವಾಗಲಿಲ್ಲ. ಅವರೇ ಕುಳಿತು ಇಬ್ಬರ ಭಾಷೆಯನ್ನೂ ಕಲಿತು, ನಡುವೆ ದುಭಾಷಿಯಂತೆ ನಿಲ್ಲುವ ಕೈಯಗಲದ ಫಲಕವೊಂದನ್ನು ನಿರ್ಮಿಸಿದರು. ಬ್ಯಾಟರಿ ಹೇಳಿದ್ದನ್ನು ಅದು ಹಳೆಯ ಗಾಡಿಯ ನುಡಿಗಟ್ಟಿಗೆ ತಿರುಗಿಸಿ ಹೇಳುತ್ತದೆ. ಹೀಗೆ 117 ಕಿಲೋಮೀಟರಿನ ಗಾಡಿಯು 200ನ್ನು ದಾಟಿ ಓಡಿತು. ಪರವೂರಿಗೆ ಬಂದು ಅನ್ನ ಹುಡುಕಿದ ನಮಗೆ ದುಭಾಷಿಯ ಬೆಲೆ ಹೇಳಿಕೊಡಬೇಕಾಗಿಲ್ಲ.

ಅಲ್ಲಿಯೂ ಒಂದು ಮಿತಿ ಇದೆ. ಹಂಡೆ ದೊಡ್ಡದಾಯಿತಾದರೂ ನಲ್ಲಿ ಹಳೆಯದೇ. ಗಾಡಿಯೊಳಗಿನ 3.3 ಕಿಲೋವಾಟಿನ ಚಾರ್ಜರು 24 ಯೂನಿಟ್ಟನ್ನು ತುಂಬಲು ಸುಮಾರು ಎಂಟು ಗಂಟೆ ಹಿಡಿದರೆ, 40ಕ್ಕೆ ಹನ್ನೆರಡು ಗಂಟೆಗೂ ಮೇಲೆ ಬೇಕು. ಮೇಲಾಗಿ ಅದು 400 ವೋಲ್ಟಿನ ಆಸುಪಾಸಿನ ಬ್ಯಾಟರಿ. ತಿಳಿಯದವನು ಕೈಯಿಟ್ಟರೆ ಮನೆಗೆ ಮರಳುವ ಭರವಸೆಯಿಲ್ಲ.

ಕಂಪೆನಿಯವರೇ ಬಾಗಿಲು ತೆರೆದ ಉದಾಹರಣೆಗಳೂ ಇಲ್ಲದಿಲ್ಲ. 2016ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆಯು ಐ3 ಕಾರಿನ ಹಳೆಯ ಗಿರಾಕಿಗಳಿಗೆ ಕೆಲವು ದೇಶಗಳಲ್ಲಿ ಹೊಸ ದೊಡ್ಡ ಬ್ಯಾಟರಿ ಕೂಡಿಸಿಕೊಡುವುದಾಗಿ ಪ್ರಕಟಿಸಿತು. ಜಪಾನಿನ ಫುಕುಶಿಮ ಪ್ರಾಂತದ ನಾಮಿಯೆಯಲ್ಲಿ, 2011ರ ಅಣುಸ್ಥಾವರದ ದುರಂತದಿಂದ ಜನ ಬಿಟ್ಟುಹೋಗಿದ್ದ ಊರಿನಲ್ಲಿ, 2018ರಲ್ಲಿ ಒಂದು ಕಾರ್ಖಾನೆ ತೆರೆಯಿತು. ಹಳೆಯ ಲೀಫ್ ಬ್ಯಾಟರಿಗಳನ್ನು ಬಿಚ್ಚಿ, ಗಟ್ಟಿಯಾದ ತುಂಡುಗಳನ್ನು ಆರಿಸಿ ಮತ್ತೆ ಜೋಡಿಸಿ, ಹೊಸದಕ್ಕೆ 6,50,000 ಯೆನ್ ಇದ್ದಲ್ಲಿ 3,00,000 ಯೆನ್ನಿಗೆ ಕೊಡಲಾರಂಭಿಸಿತು. ಮಾಡುವ ಮನಸ್ಸಿದ್ದರೆ ಇಂಥದು ಸಾಧ್ಯ. ಗಾಡಿ ಮಾರಿ ಹತ್ತು ವರ್ಷವಾದ ಮೇಲೆ ಗಿರಾಕಿಯ ಮುಖ ನೋಡದ ವ್ಯಾಪಾರವನ್ನು ನಮ್ಮ ಹೋಟೆಲುಗಳಲ್ಲಿ ಯಾರೂ ಮೆಚ್ಚರು. ಮೋಟಾರು ಕಂಪೆನಿಗಳಲ್ಲಿ ಅದೇಕೆ ಮರ್ಯಾದೆಯ ವ್ಯಾಪಾರವೆನಿಸಬೇಕೆಂದು ನಮಗೆ ತಿಳಿಯದು.

ಕಾನೂನಿನ ಮಾತನ್ನೂ ನಮ್ಮ ಮಿತ್ರರಿಗೆ ಹೇಳಿದೆವು. ನೋಂದಣಿ ಪುಸ್ತಕದಲ್ಲಿ ನಮೂದಾದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ 2022ರ ಬಳಿಕ ಬ್ಯಾಟರಿಯ ಸುರಕ್ಷತೆಯ ನಿಯಮಗಳು ಬಿಗಿಯಾಗಿವೆ. ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸದೆ ಕೆಲಸ ಮಾಡಿಸಿದರೆ, ನಾಳೆ ಏನಾದರೂ ಆದಾಗ ವಿಮೆಯವರು ಪ್ರಶ್ನೆ ಎತ್ತಲು ನಾವೇ ಆಸ್ಪದ ಕೊಟ್ಟಂತಾಗುವುದು. ಇವರ ಗಾಡಿಯಾದರೋ 2009ರಲ್ಲಿ ನೋಂದಣಿಯಾದದ್ದು. ಹದಿನೈದು ವರ್ಷದ ನೋಂದಣಿಯ ಅವಧಿಯೇ ಮುಗಿದಿದೆ. ನವೀಕರಣವಾಗದ ಗಾಡಿಗೆ ಎಂಥ ಬ್ಯಾಟರಿ ಹಾಕಿಸಿದರೂ ರಸ್ತೆಗೆ ಇಳಿಸುವಂತಿಲ್ಲ.

ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಚಹಾ ಆರಿಹೋಗಿತ್ತು. ಆಮೇಲೆ ಕಿಸೆಯಿಂದ ಪೆನ್ನು ತೆಗೆದು, ಗುಮಾಸ್ತರ ಅಂದವಾದ ಅಕ್ಷರಗಳಲ್ಲಿ, ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆಗಳನ್ನು ಚಂದಾ ರಸೀತಿಯ ಬೆನ್ನ ಮೇಲೆ ಬರೆದುಕೊಂಡರು: ಚಾರ್ಜರು ಯಾವುದು? ಕೋಶ ಹೊಸದೋ, ಬಳಸಿದ್ದೋ? ಕೋಶಗಳನ್ನು ಕಾಯುವ ಫಲಕವು ಮೋಟಾರನ್ನು ನಿಲ್ಲಿಸಬಲ್ಲದೇ? ಇದೇ ಗಾಡಿಗೆ ಹಿಂದೆ ಮಾಡಿಕೊಟ್ಟಿದ್ದರೆ ಆ ಮಾಲೀಕರ ವಿಳಾಸವೇನು? ಹಣದ ರಸೀತಿ, ಗ್ಯಾರಂಟಿ ಬರಹದಲ್ಲಿ ಕೊಡುವೆಯಾ? ಅವನು ತಡವರಿಸಿದರೆ ಸೀಸದ ಬ್ಯಾಟರಿಯನ್ನೇ ಮತ್ತೆ ಹಾಕಿಸುವುದರಲ್ಲಿ ಅವಮಾನವೇನೂ ಇಲ್ಲವೆಂದೆವು. ಗಾಡಿಗೆ ಅದರ ಭಾಷೆ ಗೊತ್ತಿದೆ, ದಾದರಿನಿಂದ ಸಯನ್ನಿಗೆ ಹೋಗಿಬರಲು 120 ಕಿಲೋಮೀಟರ್ ಬೇಕಾಗಿಯೂ ಇಲ್ಲ.

ನಿನ್ನೆ ಅವರಿಂದ ಫೋನು ಬಂದಿತ್ತು. ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಅಂಗಡಿಯವನಿಗೆ ಬೇರೆ ಗಿರಾಕಿಗಳ ನೆನಪಾಯಿತಂತೆ. ಸೋಮವಾರ ರಜೆ ಹಾಕಿದ ಮಗನನ್ನು ಕರೆದುಕೊಂಡು ಆರ್.ಟಿ.ಓ. ಕಚೇರಿಗೆ ಹೋಗುತ್ತಾರೆ.