ಸೇವಾ ಕ್ಲಬ್ಬಿನ ದಫ್ತರ ಎಲ್ಲಿದೆ?

ವಿದ್ಯಾರ್ಥಿ ಮಿತ್ರರೇ, ಬಸ್ ನಿಲ್ದಾಣದ ಬೆಂಚು, ದವಾಖಾನೆಯ ನೀರಿನ ಟಾಕಿ, ಶಾಲೆಯ ಗೋಡೆಗಡಿಯಾರ ಇಂಥವುಗಳ ಮೇಲೆ ಹಲ್ಲುಚಕ್ರದ ಗುರುತನ್ನೋ ಎರಡು ಸಿಂಹಮುಖಗಳ ಗುರುತನ್ನೋ ನೀವು ನೋಡಿರುತ್ತೀರಿ. ಹಲ್ಲುಚಕ್ರ ರೋಟರಿ ಕ್ಲಬ್ಬಿನದು, ಸಿಂಹಮುಖ ಲಾಯನ್ಸ್ ಕ್ಲಬ್ಬಿನದು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರೂ ಊರುಗಳಲ್ಲಿ ಸೇವಾ ಕ್ಲಬ್ಬುಗಳಿವೆ. ಬೆಂಚಿನ ಮೇಲೆ ಕ್ಲಬ್ಬಿನ ಹೆಸರಿರುತ್ತದೆ. ಅದನ್ನು ಹಾಕಿಸಲು ಮನೆಮನೆ ತಿರುಗಿ ವರ್ಗಣಿ ಕೂಡಿಸಿದವರು ಯಾರೆಂದು ಕೇಳಿ ನೋಡಿರಿ, ಹೇಳುವವರು ಸಿಗುವುದು ಕಷ್ಟ.

ಹೀಗಾಗುವುದಕ್ಕೆ ಕ್ಲಬ್ಬಿನ ಪದ್ಧತಿಯಲ್ಲಿಯೇ ಒಂದು ಕಾರಣವಿದೆ. 1905ನೆಯ ಇಸವಿ ಫೆಬ್ರುವರಿ 23ರಂದು ಅಮೇರಿಕೆಯ ಶಿಕಾಗೋ ಪಟ್ಟಣದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಕೂಡಿ ರೋಟರಿಯನ್ನು ಆರಂಭಿಸಿದರು. ಗೆಳೆಯರಲ್ಲಿ ಒಬ್ಬರು ಕಲ್ಲಿದ್ದಲಿನ ವ್ಯಾಪಾರಿ, ಒಬ್ಬರು ಗಣಿಯ ಎಂಜಿನಿಯರ್, ಇನ್ನೊಬ್ಬರು ದರ್ಜಿ ಅಂಗಡಿಯವರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ. ಹೀಗೆ ಸಭೆ ಸುತ್ತುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂದಿತು. 1907ರಲ್ಲಿ ಅವರು ಕೈಹಾಕಿದ ಮೊದಮೊದಲ ಸೇವಾಕಾರ್ಯ ಯಾವುದು ಗೊತ್ತೇ? ಪೇಟೆಗೆ ಬಂದ ಜನರಿಗಾಗಿ ಸಾರ್ವಜನಿಕ ಶೌಚಾಲಯ!

ಈಗ ಸಭೆ ಹಾಗೆ ಸುತ್ತುವುದಿಲ್ಲ, ಆದರೆ ಅಧಿಕಾರ ಸುತ್ತುತ್ತದೆ. ಪ್ರತಿ ಜುಲೈ 1ಕ್ಕೆ ಹೊಸ ಅಧ್ಯಕ್ಷರು ಬರುತ್ತಾರೆ. ಇದು ಒಳ್ಳೆಯ ಪದ್ಧತಿಯೇ ಸರಿ, ಒಬ್ಬರೇ ಖುರ್ಚಿ ಹಿಡಿದು ಕೂಡುವಂತಿಲ್ಲ. ಆದರೆ ಖುರ್ಚಿಯ ಹಿಂದೆ ನಡಾವಳಿ ಪುಸ್ತಕವೂ ಮನೆಯಿಂದ ಮನೆಗೆ ಹೊರಡುತ್ತದೆ. ಸ್ವಂತ ಕಟ್ಟಡವಿಲ್ಲದ ಕ್ಲಬ್ಬಿನ ದಫ್ತರವೆಂದರೆ ಕಾರ್ಯದರ್ಶಿಗಳ ಅಂಗಡಿಯ ಅಟ್ಟ. ಒಂದು ಅಟ್ಟಕ್ಕೆ ಗೆದ್ದಲು ಹತ್ತಿದರೆ ಅಲ್ಲಿಯತನಕದ ಇತಿಹಾಸವೆಲ್ಲ ಮಣ್ಣು. ನಮ್ಮ ಭಾಗದಲ್ಲಂತೂ ಗೆದ್ದಲಿಗಿಂತ ನೀರಿನ ಭಯ ದೊಡ್ಡದು. 2005, 2019, 2021ರಲ್ಲಿ ಪಂಚಗಂಗೆಗೆ ಮಹಾಪೂರ ಬಂದಾಗ ಎಷ್ಟು ಮನೆಗಳಿಗೆ ನೀರು ನುಗ್ಗಿತೆಂಬುದು ಪಾಲಕರಿಗೆ ನೆನಪಿದೆ. ಜನ ಮೊದಲು ಮಕ್ಕಳನ್ನು, ದನಗಳನ್ನು, ಕಾಳನ್ನು ನೋಡುತ್ತಾರೆ. ಹಳೆಯ ಕಾಗದವನ್ನು ಯಾರು ನೋಡಬೇಕು?

ಶಿಕಾಗೋದವರು ಏನು ಮಾಡಿದರೆಂಬುದನ್ನೂ ಹೇಳಬೇಕು. ಮೊದಲ ಸಭೆ ಸೇರಿದ್ದು 711ನೆಯ ನಂಬರಿನ ಕೋಣೆಯಲ್ಲಿ. ಆ ಕಟ್ಟಡವನ್ನು 1989ರಲ್ಲಿ ಕೆಡವುವ ಮೊದಲೇ ಸದಸ್ಯರು ಕೋಣೆಯ ಒಳಭಾಗವನ್ನು ಬಿಚ್ಚಿ ತೆಗೆದಿಟ್ಟರು. 1994ರಲ್ಲಿ ರೋಟರಿಯ ಮುಖ್ಯ ಕಚೇರಿಯಲ್ಲಿ ಅದನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. ನಮಗೆ ಕೋಣೆ ಬೇಡ, ಒಂದು ಕಬ್ಬಿಣದ ಕಪಾಟು ಸಾಕು.

ನಮ್ಮ ಕಡೆಯ ಒಂದು ಕ್ಲಬ್ಬಿನ ಹಳೆಯ ಹಾಳೆಗಳನ್ನು ಓದುವ ಅವಕಾಶ ನನಗೆ ಒಮ್ಮೆ ದೊರೆಯಿತು. ಮೊದಲ ವರ್ಷಗಳ ನಡಾವಳಿ ಇಂಗ್ಲಿಷಿನಲ್ಲಿ, ನಂತರದ್ದು ಮರಾಠಿಯಲ್ಲಿ. ಅದನ್ನು ಬರೆದವರಲ್ಲಿ ಹಲವರು ಮನೆಯಲ್ಲಿ ಮಾತಾಡುತ್ತಿದ್ದುದು ಕನ್ನಡ. ಮನೆಯಲ್ಲಿ ಮಲ್ಲಪ್ಪನಾದವನು ಮರಾಠಿಯಲ್ಲಿ ಮಲ್ಲಾಪ್ಪಾ, ಇಂಗ್ಲಿಷಿನಲ್ಲಿ ಬರಿಯ ಒಂದು ‘ಎಂ’. ಎರಡು ಅಕ್ಷರ, ಮುಂದೆ ಪಾಟೀಲ ಎಂದಷ್ಟೇ ಬರೆದಿದ್ದರೆ ಯಾವ ಪಾಟೀಲರು? ನಮ್ಮಲ್ಲಿ ಪಾಟೀಲ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಈ ಗಂಟು ಬಿಡಿಸಬಲ್ಲವರು ನಿಮ್ಮ ಅಜ್ಜ ಅಜ್ಜಿಯರು. ಅವರ ತರುವಾಯ ಯಾರೂ ಬಿಡಿಸಲಾರರು.

ನಡಾವಳಿ ಹೋದರೂ ಬೇರೆ ದಾರಿಗಳಿವೆ. ಕ್ಲಬ್ಬಿನವರು ಟ್ರಸ್ಟ್ ಮಾಡಿ ನೋಂದಾಯಿಸಿದ್ದರೆ, 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಪ್ರಕಾರ ವಿಶ್ವಸ್ತರು ಬದಲಾದಾಗಲೆಲ್ಲ ಧರ್ಮಾದಾಯ ಆಯುಕ್ತರ ಕಚೇರಿಗೆ ತಿಳಿಸಬೇಕು. ಹೆಸರುಗಳು ಅಲ್ಲಿ ಸಿಗುತ್ತವೆ. ಹಳೆಯ ವೃತ್ತಪತ್ರಿಕೆಗಳನ್ನು ಹುಡುಕುವವರು ಕೊಲ್ಹಾಪುರದಲ್ಲಿ 1850ರಲ್ಲಿ ಸ್ಥಾಪನೆಯಾದ ಕರವೀರ ನಗರ ವಾಚನ ಮಂದಿರದಲ್ಲಿ, ಇಚಲಕರಂಜಿಯಲ್ಲಿ 1870ರ ಆಪಟೆ ವಾಚನ ಮಂದಿರದಲ್ಲಿ ವಿಚಾರಿಸಬಹುದು.

ಇನ್ನು ಗಣ್ಯ ಸದಸ್ಯರೆಂದು ಯಾರನ್ನು ಬರೆಯಬೇಕು? ಅಧ್ಯಕ್ಷರ ಹೆಸರು ಹಲಗೆಯ ಮೇಲೆ ಇದ್ದೇ ಇರುತ್ತದೆ. ದೊಡ್ಡವರನ್ನು ನೆನೆಯಲು ಅವರ ಸಂಸ್ಥೆಗಳಿವೆ. ನಮ್ಮದೇ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ ಪಾಟೀಲರಿಗೆ ಅವರು 1919ರಲ್ಲಿ ಕಟ್ಟಿದ ರಯತ ಶಿಕ್ಷಣ ಸಂಸ್ಥೆಯೇ ಸ್ಮಾರಕ. ಆದರೆ ಪೋಲಿಯೋ ಕೆಲಸವನ್ನು ನೋಡಿರಿ. ರೋಟರಿಯು 1985ರಲ್ಲಿ ಈ ಕಾರ್ಯವನ್ನು ಜಗತ್ತಿನಾದ್ಯಂತ ಎತ್ತಿಕೊಂಡಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾಯಿತು. ಕೊನೆಯ ರೋಗಿ ಕಂಡುಬಂದದ್ದು 2011ರ ಜನವರಿಯಲ್ಲಿ, ಬಂಗಾಲದ ಹಾವಡಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಇಷ್ಟೆಲ್ಲ ಪುಸ್ತಕದಲ್ಲಿ ಉಂಟು. ರವಿವಾರ ಅಂಗಡಿಯ ಬಾಗಿಲು ಹಾಕಿ, ಮಂಜುಗಡ್ಡೆಯ ಡಬ್ಬಿ ಹೊತ್ತು, ಕಬ್ಬು ಕಡಿಯುವವರ ಗುಡಿಸಲುಗಳಿಗೆ ಹೋದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ನನ್ನ ಮಟ್ಟಿಗೆ ಗಣ್ಯರು ಅವರೇ. ಅಂದಿನ ಕೂಸುಗಳಲ್ಲಿ ಕೆಲವರು ಇಂದು ನಿಮ್ಮ ಪಾಲಕರು.

ಹಿರಿಯರ ಬಳಿ ಹೋಗಿ ‘ಇತಿಹಾಸ ಹೇಳಿರಿ’ ಎಂದರೆ ‘ಹೇಳಾಕ ಏನೈತಿ’ ಎಂದು ಸುಮ್ಮನಾಗುತ್ತಾರೆ. ಒಂದು ಹಳೆಯ ಫೋಟೋ ಮುಂದೆ ಹಿಡಿಯಿರಿ, ತಾವಾಗಿ ಬೆರಳಿಟ್ಟು ಹೇಳತೊಡಗುತ್ತಾರೆ. ಅವರು ಹೇಳಿದಂತೆ ಎಡದಿಂದ ಬಲಕ್ಕೆ ಪೂರ್ತಿ ಹೆಸರು, ತಂದೆಯ ಹೆಸರು, ಊರು, ಉದ್ಯೋಗ ಬರೆದುಕೊಳ್ಳಿರಿ. ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ ಬರೆಯಿರಿ. ಶಾಯಿಯಾದರೆ ಮುಂದಿನ ಮೈಗೆ ಇಳಿದು ಮುಖಗಳ ಮೇಲೆ ಕಲೆ ಮೂಡುತ್ತದೆ.